ಬುತ್ತಿ ಕಟ್ಟಿ ಕಳಿಸಿದವಳ ಪ್ರವಾಸ

ಇರ್ಪು ಜಲಪಾತವನ್ನು ನಾನು ಬಹಳ ವರ್ಷ ಬುತ್ತಿಯ ಬಟ್ಟೆಯಲ್ಲೇ ನೋಡಿದವಳು. ಹೀಗೆಂದರೆ ನಿಮಗೆ ನಗು ಬರಬಹುದು, ಬರಲಿ. ಬೆಳಿಗ್ಗೆ ನಾನು ಗಂಟು ಹಾಕಿ ಕಳಿಸಿದ ಬಟ್ಟೆ ಸಂಜೆ ಬಿಚ್ಚುವಾಗ ಒದ್ದೆಯಾಗಿದ್ದರೆ ತಮ್ಮನ ಮಕ್ಕಳು ನೀರಿಗೆ ತೀರ ಹತ್ತಿರ ಕೂತು ಉಂಡಿದ್ದಾರೆ. ಮಡಿಕೆಯೊಳಗೆ ಇರುವೆ ಓಡಾಡುತ್ತಿದ್ದರೆ ಮರದ ಬುಡದಲ್ಲಿ ಉಂಡಿದ್ದಾರೆ. ಅಕ್ಕಿ ತರಿಯ ಉಂಡೆ ಕಡಂಬುಟ್ಟು ಕೈ ಮುಟ್ಟದೆ ಹಾಗೇ ವಾಪಸು ಬಂದಿದ್ದರೆ, ಗೋಣಿಕೊಪ್ಪದಲ್ಲಿ ಬಸ್ಸು ನಿಂತಾಗ ನನ್ನ ತಮ್ಮ ಎಲ್ಲರನ್ನೂ ಹೋಟೆಲಿಗೆ ಕರೆದುಕೊಂಡು ಹೋಗಿದ್ದಾನೆ. ಆಮೇಲೆ ಅವನು ಎಷ್ಟೇ "ಹೊಟ್ಟೆ ಸರಿ ಇರ್ಲಿಲ್ಲ ಅಕ್ಕ" ಎಂದರೂ ನಾನು ನಂಬುವುದಿಲ್ಲ.

ನಮ್ಮ ಮನೆ ಬಿಟ್ಟಂಗಾಲದಲ್ಲಿ, ಬಸ್ಸಿನ ರಸ್ತೆಯಿಂದ ಒಂದು ಕೂಗಿನ ದೂರ. ನಮ್ಮ ಮನೆ ಎಂದರೆ ತಮ್ಮನದು. ನನ್ನ ಯಜಮಾನರು ಸಿದ್ದಾಪುರದ ಕಡೆ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು. ಅವರು ಹೋದ ಮೇಲೆ ಎಸ್ಟೇಟಿನ ಮನೆ ಖಾಲಿ ಮಾಡಿ, ಒಂದು ಟ್ರಂಕು, ಒಂದು ಒರಳುಕಲ್ಲು ಹೇರಿಕೊಂಡು ಇಲ್ಲಿಗೆ ಬಂದೆ. ನಮಗೆ ಮಕ್ಕಳಿಲ್ಲ. ತಮ್ಮನ ಹೆಂಡತಿ ದೇವಕಿ ನನ್ನನ್ನು ಅತ್ತಿಗೆ ಎನ್ನುತ್ತಾಳೆ, ಅವರ ಮೂರು ಮಕ್ಕಳು ಅತ್ತೆ ಎನ್ನುತ್ತಾರೆ. ಒರಳುಕಲ್ಲಿಗೂ ನನಗೂ ಅಡುಗೆಮನೆಯಲ್ಲಿ ಒಳ್ಳೆಯ ಜಾಗವನ್ನೇ ಕೊಟ್ಟರು. ಆ ಬಗ್ಗೆ ದೂರಿಲ್ಲ. ಮನೆಯಲ್ಲಿ ನಾವಾಡುವುದು ಅರೆಭಾಷೆ. ನಿಮಗೆ ತೊಡಕಾಗದಿರಲೆಂದು ಇಲ್ಲಿ ಅದನ್ನು ಸ್ವಲ್ಪ ತಿದ್ದಿ ಬರೆಯುತ್ತಿದ್ದೇನೆ, ಅಷ್ಟೆ.

ತಮ್ಮನಿಗೆ ಬಸ್ಸಿನ ಹುಚ್ಚು. ಪಾಲಿಬೆಟ್ಟದ ದೊಡ್ಡ ಎಸ್ಟೇಟಿನವರು ಕಾರಿನಲ್ಲಿ ಹೋಗುತ್ತಾರೆ, ಧೂಳೆಬ್ಬಿಸಿ ಹೋಗುತ್ತಾರೆ, ಯಾರ ಮುಖವನ್ನೂ ನೋಡದೆ ಹೋಗುತ್ತಾರೆ. ಅದು ಪ್ರವಾಸವೇ ಅಲ್ಲ ಎಂಬುದು ಅವನ ವಾದ. ಬಸ್ಸಿನಲ್ಲಾದರೆ ಕೈಗೆಟಕುವ ಖರ್ಚು, ಜೊತೆಗೆ ಊರಿನ ಸುದ್ದಿಯೆಲ್ಲ ಪುಕ್ಕಟೆ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ಅದು ಒಳ್ಳೆಯದಾಯಿತೋ ಕೆಟ್ಟದಾಯಿತೋ ಎಂದು ಬಸ್ಸಿನಲ್ಲಿ ಇಡೀ ದಾರಿ ಚರ್ಚೆ ನಡೆಯುತ್ತಿತ್ತಂತೆ. ಒಮ್ಮೆ ತಮ್ಮ ಸೀಟಿನಲ್ಲಿ ಅಗಲವಾಗಿ ಕೂತು ಅದನ್ನೇ ಭಾಷಣ ಮಾಡುತ್ತಿದ್ದಾಗ ಮಲೆಯಾಳಿ ಕಂಡಕ್ಟರು, "ರಾಜ್ಯ ದೊಡ್ಡದಾಯ್ತಲ್ಲ ಅಣ್ಣಾ, ಇನ್ನು ನೀವು ಸ್ವಲ್ಪ ಸಣ್ಣಗೆ ಕೂತ್ಕೊಳ್ಳಿ" ಎಂದನಂತೆ. ಕೊನೆಯ ಮಗು ಚಿಮ್ಮಿಗೆ ಟಿಕೆಟ್ ಬೇಕಾಗದ ವಯಸ್ಸು. ಆ ವಯಸ್ಸು ಮನೆಯಲ್ಲಿ ಯಾವಾಗಲೋ ಮುಗಿದಿತ್ತು, ಬಸ್ಸಿನಲ್ಲಿ ಮಾತ್ರ ಇನ್ನೂ ನಡೆಯುತ್ತಿತ್ತು.

ನಾನೇಕೆ ಹೋಗುತ್ತಿರಲಿಲ್ಲ ಎಂದು ಕೇಳುತ್ತೀರಿ. ಕಾಫಿ. ನಮ್ಮದು ಸಣ್ಣ ತೋಟ. ಕೊಯ್ದ ಹಣ್ಣನ್ನು ಮನೆಯ ಮುಂದಿನ ಕಣದಲ್ಲೇ ಒಣಗಿಸಬೇಕು. ಬೆಳಿಗ್ಗೆ ಹರಡಬೇಕು, ಬಿಸಿಲೇರಿದಂತೆ ಕಾಲಿನಿಂದ ಸಾಲು ಸಾಲಾಗಿ ಕೆದಕುತ್ತಿರಬೇಕು, ಸಂಜೆ ಮಂಜು ಬೀಳುವ ಮೊದಲು ರಾಶಿ ಮಾಡಿ ಮುಚ್ಚಬೇಕು. ನಡುವೆ ದನ ನುಗ್ಗದಂತೆ, ಹೊತ್ತಲ್ಲದ ಹೊತ್ತಿನಲ್ಲಿ ಮೋಡ ಕಟ್ಟಿದರೆ ಮೋಸ ಹೋಗದಂತೆ ಕಾಯಬೇಕು. ತಮಾಷೆ ನೋಡಿ: ರಸ್ತೆ ಒಣಗಿ ಬಸ್ಸು ಸರಿಯಾಗಿ ಓಡುವ ಕಾಲದಲ್ಲೇ ಕಾಫಿಯೂ ಒಣಗುವುದು. ಮಳೆಗಾಲದಲ್ಲಿ ಕಣಕ್ಕೆ ಯಾರ ಕಾವಲೂ ಬೇಡ, ಆದರೆ ಆಗ ಬಸ್ಸು ಎಲ್ಲಿ ಹೂತುಕೊಂಡಿದೆಯೆಂದು ಬಸ್ಸಿನವರಿಗೇ ಗೊತ್ತಿರುವುದಿಲ್ಲ. ಹಾಗಾಗಿ ಕೊಡಗಿನ ಸಣ್ಣ ತೋಟದ ಮನೆಯಲ್ಲಿ ಸಂಸಾರ ಸಮೇತ ಪ್ರವಾಸ ಎಂದರೆ ಒಬ್ಬರನ್ನು ಬಿಟ್ಟು ಉಳಿದ ಸಂಸಾರ ಎಂದೇ ಅರ್ಥ. ನಮ್ಮಲ್ಲಿ ಆ ಒಬ್ಬರು ಯಾರೆಂದು ಯಾರೂ ಕೂತು ತೀರ್ಮಾನಿಸಲಿಲ್ಲ. ಬೆಕ್ಕಿಗೆ ಒಲೆಯ ಬದಿಯ ಜಾಗವನ್ನು ಯಾರು ತೀರ್ಮಾನಿಸಿ ಕೊಟ್ಟರು?

ನಮ್ಮ ಹಳೆಯ ಕಥೆಗಳನ್ನು ಕೇಳುವಾಗಲೂ ನನ್ನ ಮನಸ್ಸು ಇಂಥ ಕಡೆಗೇ ಓಡುತ್ತದೆ. ಯಾತ್ರೆಗೆ ಹೋದವರು, ಕಾಡಿಗೆ ಹೋದವರು, ಯುದ್ಧಕ್ಕೆ ಹೋದವರು, ಎಲ್ಲರಿಗೂ ಕಥೆಯುಂಟು. ಅವರು ಹೋದ ದಿನ ಆ ಮನೆಯ ಹಾಲು ಕರೆದವರು ಯಾರು, ಹೆಪ್ಪು ಹಾಕಿದವರು ಯಾರು? ಋಷಿಗಳು ಅಷ್ಟೊಂದು ತಪಸ್ಸು ಮಾಡಿದರಲ್ಲ, ಆಶ್ರಮದ ಅಂಗಳದಲ್ಲಿ ಒಣಹಾಕಿದ್ದನ್ನು ಹಕ್ಕಿ ತಿನ್ನದಂತೆ ಯಾರೋ ಕೋಲು ಹಿಡಿದು ಕೂತಿರಲೇಬೇಕು. ಆ ಕೋಲು ಹಿಡಿದವರ ತಪಸ್ಸಿಗೆ ಯಾವ ದೇವರೂ ಪ್ರತ್ಯಕ್ಷನಾದಂತಿಲ್ಲ.

ಎಲ್ಲರೂ ಹೊರಟುಹೋದ ಮನೆ ಹೇಗಿರುತ್ತದೆಂದು ಕೂತವರಿಗೇ ಗೊತ್ತು. ಮೊದಲು ಹಾಯೆನ್ನಿಸುತ್ತದೆ. ಆಮೇಲೆ ಕಣದಲ್ಲಿ ಕಾಫಿ ಬಿಸಿಲಿಗೆ ಸಣ್ಣಗೆ ಚಿಟಗುಟ್ಟುವುದು ಕೇಳಿಸುತ್ತದೆ. ಊಟಕ್ಕೆ ಕೂತರೆ ಒಬ್ಬಳಿಗೆ ಬಡಿಸಿಕೊಳ್ಳಲು ನಾಚಿಕೆಯಾಗುತ್ತದೆ, ಪಾತ್ರೆಯಿಂದಲೇ ತಿಂದು ಮುಗಿಸುತ್ತೇನೆ. ಕೋಳಿಯ ಜೊತೆ ಮಾತಾಡುತ್ತೇನೆ. ಕೋಳಿ ಒಳ್ಳೆಯ ಕೇಳುಗ ಅಲ್ಲ.

ಆದರೆ ಸಂಜೆ ನನ್ನ ಪಾಲು ನನಗೆ ಸಿಗುತ್ತಿತ್ತು. ಬಸ್ಸಿಳಿದದ್ದೇ ಮಕ್ಕಳು ಓಡಿ ಬರುತ್ತಿದ್ದರು. "ಅತ್ತೇ, ಗೊತ್ತುಂಟಾ ಎಂತಾಯ್ತೂಂತ!" ಚಪ್ಪಲಿ ಬಿಡುವ ಮೊದಲು ಕಥೆ ಶುರು. ದೊಡ್ಡವಳು ಲೀಲಾ ಹೇಳಿದ್ದನ್ನು ಚಿಮ್ಮಿ ತಪ್ಪೆನ್ನುವಳು, ಇಬ್ಬರೂ ಹೇಳಿದ್ದನ್ನು ನಡುವಿನವನು ಮೊದಲಿಂದ ಹೇಳುವನು. ನಾನು "ಮತ್ತೆ? ಆಮೇಲೆ?" ಎನ್ನುತ್ತಾ ಕಾಫಿ ಕೊಡುವೆ. ದಾರಿಯಲ್ಲಿ ಕಂಡ ಹಾವು ನನ್ನೆದುರು ಬಂದ ಮೇಲೆ ಒಂದಾಳು ಉದ್ದವಾಗುತ್ತಿತ್ತು. ಇರಲಿ. ಮನೆಯಲ್ಲಿ ನಿಂತವಳಿಗೆ ಸ್ವಲ್ಪ ದೊಡ್ಡ ಹಾವು ಕೊಡುವುದು ನ್ಯಾಯವೇ.

ಹೀಗಿರುವಾಗ ಒಂದು ಬೇಸಿಗೆ, ಇರ್ಪುವಿಗೆ ಹೊರಡುವ ಹಿಂದಿನ ಸಂಜೆ ದೇವಕಿ ಅಕ್ಕಿ ತರಿ ಜರಡಿ ಹಿಡಿಯುತ್ತಿದ್ದವಳು ಕೈ ನಿಲ್ಲಿಸಿ, "ಈ ಸಲ ನಾನು ಕಣ ನೋಡ್ಕೊಳ್ತೇನೆ. ಅತ್ತಿಗೆ ಹೋಗಿ ಬರ್ಲಿ" ಎಂದಳು. ತಮ್ಮ, "ಅಕ್ಕನಿಗೆ ಬಸ್ಸು ಆಗ್ತದಾ?" ಎಂದು ಕೇಳಿದ. ಆಗದೆ ಏನು, ಸಿದ್ದಾಪುರದಿಂದ ನಾನೇನು ಹಾರಿ ಬಂದಿದ್ದೆನೆ? ಆದರೆ ಹಾಗೆ ಹೇಳಲಿಲ್ಲ. ಬೇಡ ಬೇಡ ಎನ್ನುವ ಮಾತು ಬಾಯಿಯವರೆಗೆ ಬಂತು, ಅದನ್ನೂ ಹೇಳಲಿಲ್ಲ. ಸುಮ್ಮನೆ ಎದ್ದು ಹೋಗಿ ಟ್ರಂಕಿನಿಂದ ಒಳ್ಳೆಯ ಸೀರೆ ತೆಗೆದೆ. ನನಗೆ ಬೇಕಾಗಿದ್ದದ್ದು ಜಲಪಾತವಲ್ಲ, ನಿಮ್ಮ ಹತ್ತಿರ ಮುಚ್ಚುಮರೆ ಏಕೆ. ಕಂಡಕ್ಟರು ಬಂದು "ನೀವೆಲ್ಲ ಒಟ್ಟಿಗಾ?" ಎಂದು ಕೇಳುವಾಗ ಆ ಒಟ್ಟಿನಲ್ಲಿ ನಾನೂ ಇರಬೇಕಿತ್ತು.

ಕೇಳಿದ. ತಮ್ಮ "ಹೌದು, ಎಲ್ಲ ಒಟ್ಟಿಗೆ" ಎಂದ. ನಾನು ಹೆಂಗಸರ ಸೀಟಿನಲ್ಲಿ ಚಿಮ್ಮಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಏನೂ ಆಗದವಳಂತೆ ಹೊರಗೆ ನೋಡಿದೆ. ಪಕ್ಕದಲ್ಲಿ ಬುಟ್ಟಿಯಲ್ಲಿ ಹುಂಜ ಇಟ್ಟುಕೊಂಡಿದ್ದ ಒಬ್ಬ ಮುದುಕಿ.

"ಮಗಳಾ?" ಎಂದಳು.

"ತಮ್ಮನ ಮಗಳು."

"ನಿಮ್ಮ ಮಕ್ಕಳು ಎಲ್ಲಿ?"

"ಗೋಣಿಕೊಪ್ಪ ಬಂತೂಂತ ಕಾಣ್ತದೆ" ಎಂದೆ. ಬಂದಿರಲಿಲ್ಲ, ಇನ್ನೂ ಬಹಳ ದೂರವಿತ್ತು. ಮುದುಕಿಗೂ ಅದು ಗೊತ್ತಿತ್ತು. ಮಡಿಲಿನಿಂದ ಒಂದು ಕಿತ್ತಳೆ ತೆಗೆದು ಚಿಮ್ಮಿಗೆ ಕೊಟ್ಟಳು. ಇನ್ನೊಂದು ತೆಗೆದು ನನಗೂ ಕೊಟ್ಟಳು.

ಇರ್ಪು ದಾರಿಯಲ್ಲಿ ಬಸ್ಸಿಳಿದು ನಡೆದೆವು. ದೇವಸ್ಥಾನ ದಾಟಿ ಕಾಡಿನ ಏರು ಹತ್ತಿದೆವು. ದಾರಿಗೆ ಅಡ್ಡವಾಗಿ ಒಂದು ಸಣ್ಣ ಹಾವು ಹರಿದು ಹೋಯಿತು. ಬೇಸಿಗೆಯಾದ್ದರಿಂದ ನೀರು ಕಡಿಮೆ, ಬಂಡೆಯ ಮೇಲೆ ಯಾರೋ ತೊಳೆದ ಪಂಚೆ ಹರವಿದಂತೆ ಇಳಿಯುತ್ತಿತ್ತು. ಚೆನ್ನಾಗಿತ್ತು. ನಾನು ಒಂದು ಕಲ್ಲಿನ ಮೇಲೆ ಕೂತೆ. ಲೀಲಾ, "ಅತ್ತೆ, ಅದು ಅಮ್ಮ ಕೂರೋ ಕಲ್ಲು" ಎಂದಳು. ಪಾಪ, ಏಳಿಸಲು ಹೇಳಿದ್ದಲ್ಲ, ಸುಮ್ಮನೆ ಹೇಳಿದ್ದು. ಆದರೂ ಸ್ವಲ್ಪ ಸರಿದು ಕೂತೆ. ಹಾಗೆ ನೋಡಿದರೆ ಆ ಜಾಗದಲ್ಲಿ ಎಲ್ಲಕ್ಕೂ ಒಂದು ಕ್ರಮ ಮೊದಲೇ ಆಗಿಹೋಗಿತ್ತು. ಯಾರು ಮೊದಲು ನೀರಿಗಿಳಿಯಬೇಕು, ಯಾವ ಬೇರಿನ ಮೇಲೆ ಬಟ್ಟೆ ಇಡಬೇಕು, ಯಾವ ಕಡೆ ನೋಡಿ ಏನೆಂದರೆ ಎಲ್ಲರೂ ನಗಬೇಕು. ಒಂದು ಮರವನ್ನು ನೋಡಿ ಮೂವರೂ "ದೊಡ್ಡಪ್ಪ!" ಎಂದು ಕೂಗಿ ನಕ್ಕರು. ಏಕೆಂದು ಕೇಳಿದೆ. ವಿವರಿಸಿದರು. ವಿವರಿಸಿದ ಮೇಲೆ ನಾನೂ ನಕ್ಕೆ, ಅಷ್ಟರಲ್ಲಿ ಅವರ ನಗು ಮುಗಿದಿತ್ತು.

ತಮ್ಮ ಬಂದು ಪಕ್ಕದಲ್ಲಿ ಕೂತ. ಬಹಳ ಹೊತ್ತು ನೀರು ನೋಡಿದ. ಏನೋ ಮನಸ್ಸಿನ ಮಾತು ಹೇಳುತ್ತಾನೆಂದುಕೊಂಡೆ.

"ಅಕ್ಕ, ದೇವಕಿ ಕಾಫಿ ಕೆದಕಿರ್ತಾಳಾ?"

"ನಾನೂ ಅದನ್ನೇ ಯೋಚಿಸ್ತಿದ್ದೆ" ಎಂದೆ. ಸುಳ್ಳಲ್ಲ.

ಸಂಜೆ ಮನೆ ಮುಟ್ಟಿದಾಗ ದೇವಕಿ ಜಗಲಿಯ ಮೆಟ್ಟಿಲ ಮೇಲೆ ಕೂತಿದ್ದಳು. ಎಣ್ಣೆ ಹಚ್ಚಿ ತಲೆ ಮಿಂದಿದ್ದಳು, ಹೂ ಮುಡಿದಿದ್ದಳು. ಎರಡೂ ಕೈ ಮಡಿಲಲ್ಲಿ. ಆ ಕೈಗಳು ಖಾಲಿ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಣದ ಕಾಫಿಯಲ್ಲಿ ಸಾಲುಗಳೆಲ್ಲ ಸೊಟ್ಟ. ಮಕ್ಕಳು ನನ್ನನ್ನು ದಾಟಿ ಓಡಿದರು. "ಅಮ್ಮಾ, ಗೊತ್ತುಂಟಾ ಎಂತಾಯ್ತೂಂತ!"

ನಾನು ಖಾಲಿ ಬುತ್ತಿ ಹಿಡಿದು ನಿಂತೆ. ಲೀಲಾ ಹಾವಿನ ಕಥೆ ಹೇಳುತ್ತಿದ್ದಳು. ಹಾವು ಒಂದಾಳುದ್ದ ಬೆಳೆದಿತ್ತು. ನನ್ನ ಬಾಯಿ ಸುಮ್ಮನಿರಬೇಕಲ್ಲ. "ಅಷ್ಟಿರ್ಲಿಲ್ಲ ಮಗೂ, ಕೈಯಷ್ಟುದ್ದ" ಎಂದೆ.

"ಅತ್ತೆ, ನೀವು ಸುಮ್ಮನಿರಿ. ನೀವು ನೋಡಿದ್ದೀರಲ್ಲ!"

ಮಾತು ಸರಿಯೇ. ಸಾಕ್ಷಿಯ ಎದುರು ಹಾವು ಬೆಳೆಯುವುದಿಲ್ಲ. ಒಳಗೆ ಹೋಗಿ ಬುತ್ತಿ ಪಾತ್ರೆ ತೊಳೆದೆ. ಹೋಗದಿದ್ದಾಗ ನನಗೆ ಪ್ರವಾಸದ ಒಂದು ತುಂಡಾದರೂ ಸಿಗುತ್ತಿತ್ತು, ಹೋಗಿ ಬಂದು ಅದನ್ನೂ ಕಳೆದುಕೊಂಡೆ. ಜಗಲಿಯಿಂದ ದೇವಕಿಯ "ಮತ್ತೆ? ಆಮೇಲೆ?" ಕೇಳಿಸುತ್ತಿತ್ತು. ಚೆನ್ನಾಗಿ ಕೇಳುತ್ತಿದ್ದಳು. ನನಗಿಂತ ಚೆನ್ನಾಗಿ. ಹೊಟ್ಟೆಕಿಚ್ಚು ಎಂಬುದು ನನ್ನಂಥವಳಿಗೂ ಬರುತ್ತದೆಂದು ಆ ದಿನ ಪಾತ್ರೆ ಉಜ್ಜುವಾಗ ಗೊತ್ತಾಯಿತು.

ಮಂಜು ಬೀಳುವ ಮೊದಲು ಕಾಫಿ ರಾಶಿ ಮಾಡಲು ನಾನೂ ದೇವಕಿಯೂ ಕಣಕ್ಕಿಳಿದೆವು. ಅವಳು ಒಂದು ಕಡೆಯಿಂದ, ನಾನು ಒಂದು ಕಡೆಯಿಂದ ಎಳೆದುಕೊಂಡು ಬಂದೆವು. ರಾಶಿಯ ಹತ್ತಿರ ಬಂದಾಗ ಅವಳು, "ಅತ್ತಿಗೆ, ಈಗ ನೀವು ಹೇಳಿ" ಎಂದಳು.

"ಎಂತ ಹೇಳೋದು? ಮಕ್ಕಳು ಹೇಳಿದ್ರಲ್ಲ."

"ಅವ್ರು ಹಾವು ಹೇಳಿದ್ರು. ನೀವು ಎಂತ ನೋಡಿದ್ರಿ?"

ನಾನು ಇಷ್ಟು ವರ್ಷ ಕೇಳಿಯೇ ಅಭ್ಯಾಸವಾದವಳು. ಕೊನೆಗೆ ಹುಂಜದ ಮುದುಕಿಯ ವಿಷಯ ಹೇಳಿದೆ. ಅವಳು ಕೇಳಿದ್ದು, ನಾನು ಗೋಣಿಕೊಪ್ಪ ಬಂತೆಂದದ್ದು. ದೇವಕಿ ಮೊದಲು ನಕ್ಕಳು. ಆಮೇಲೆ ನಗಲಿಲ್ಲ. ತೊಳೆದ ಪಂಚೆಯಂತೆ ಇಳಿಯುವ ನೀರಿನ ವಿಷಯವನ್ನೂ ಹೇಳಿದೆ.

"ಹೌದಾ?" ಎಂದಳು. "ಇಷ್ಟು ಸಲ ಹೋದವಳು ನಾನು ಅದನ್ನು ತಲೆಯೆತ್ತಿ ನೋಡೇ ಇಲ್ಲ ಅತ್ತಿಗೆ. ಮಕ್ಕಳನ್ನ ನೀರಿಂದ ಎಳೆಯೋದು, ಬಡಿಸೋದು, ತಲೆ ಒರೆಸೋದು. ಇವತ್ತು ಇಲ್ಲಿ ಕೂತಿದ್ದೆನಲ್ಲ, ಹೊತ್ತು ಹೋಗೋದೇ ಇಲ್ಲ. ನಿಮಗೆ ಹೇಗೆ ಹೋಗ್ತಿತ್ತು?"

ಅದನ್ನು ನನ್ನ ಹತ್ತಿರ ಆವರೆಗೆ ಯಾರೂ ಕೇಳಿರಲಿಲ್ಲ. ಕೋಳಿಯ ಜೊತೆ ಮಾತಾಡುತ್ತಿದ್ದೆ ಎಂದೆ. "ನಾನೂ!" ಎಂದಳು. ನಾವಿಬ್ಬರೂ ರಾಶಿಗೆ ಗೋಣಿ ಮುಚ್ಚುತ್ತಾ ನಕ್ಕ ರೀತಿಗೆ ತಮ್ಮ ಹೊರಗೆ ಬಂದು ನೋಡಿ, ಏನೂ ಅರ್ಥವಾಗದೆ ಒಳಗೆ ಹೋದ.

ಮುಂದಿನ ಸಲ ಹೊರಟಾಗ ದೇವಕಿ ನನ್ನನ್ನೇ ಹೋಗಲು ಒತ್ತಾಯಿಸಿದಳು. ನಾನು ಒಪ್ಪಲಿಲ್ಲ. ತ್ಯಾಗವೇನಲ್ಲ, ಕಾಫಿಯ ಸಾಲು ಸೊಟ್ಟ ಆಗುವುದನ್ನು ಇನ್ನೊಮ್ಮೆ ನೋಡುವ ಶಕ್ತಿ ನನಗಿರಲಿಲ್ಲ. ಬೀಳ್ಕೊಡಲು ರಸ್ತೆಯವರೆಗೆ ಹೋದೆ. ಬಸ್ಸು ಬಂತು, ಹತ್ತಿದರು, ಕಂಡಕ್ಟರು ಬಾಗಿಲು ಬಡಿದ. ಆಗ ದೇವಕಿ ಕಿಟಕಿಯಿಂದ ತಲೆ ಹೊರಗೆ ಹಾಕಿ, ಇಡೀ ಬಸ್ಸಿಗೆ ಕೇಳುವಂತೆ, "ಅತ್ತಿಗೇ, ನಿಮಗೆ ಎಂತ ನೋಡ್ಕೊಂಡು ಬರ್ಲಿ?" ಎಂದು ಕೂಗಿದಳು.

ಎಷ್ಟೋ ಜನ ಎಷ್ಟೋ ಸಲ ನಿಮಗೆ ಎಂತ ತರ್ಲಿ ಎಂದು ಕೇಳಿದ್ದಾರೆ. ನನಗಾಗಿ ನೋಡಿ ಬರುತ್ತೇನೆಂದವರು ಯಾರೂ ಇರಲಿಲ್ಲ. ಏನು ಹೇಳಲೆಂದು ಯೋಚಿಸುವಷ್ಟರಲ್ಲಿ ಬಸ್ಸು ತಿರುವು ದಾಟಿತು. ನಾನು ಕಣಕ್ಕೆ ಹಿಂತಿರುಗಿದೆ, ಕಾಫಿ ಕೆದಕುತ್ತಾ ಸಂಜೆಯವರೆಗೂ ಅದನ್ನೇ ಯೋಚಿಸಿದೆ.