ರೊಕ್ಕ ಹಿಡಿದು ಹೋಗಿ ಸಾಲ ಹೊತ್ತು ಬಂದದ್ದು

ಸೀರೆ ಗಿಳಿಹಸಿರಿನದೋ, ಎಲೆಹಸಿರಿನದೋ, ಈಗ ಖಾತ್ರಿಯಿಲ್ಲ. ಅಂಗಡಿಯವರು ಟೀ ಕೊಟ್ಟದ್ದು ಬಿಲ್ಲಿಗೆ ಮೊದಲೋ ಆಮೇಲೋ, ಅದೂ ನೆನಪಿಲ್ಲ. ನನ್ನ ನೆನಪಿನ ಮೇಲೆ ನನಗೇ ಭರವಸೆ ಕಡಿಮೆ ಎಂಬುದು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. (ಹಿಂದೊಮ್ಮೆ ಬಸ್ ಸ್ಟ್ಯಾಂಡಿನ ಬೇವಿನ ಮರವನ್ನು ಹುಣಸೆ ಮರ ಮಾಡಿ ನಿಮ್ಮಿಂದಲೇ ಬೈಸಿಕೊಂಡಿದ್ದೆ.) ಆದರೆ ಒಂದು ಮಾತು ಮಾತ್ರ ಇದ್ದದ್ದು ಇದ್ದ ಹಾಗೆ ಕಿವಿಯಲ್ಲಿದೆ. ನಮ್ಮ ವೈನಿ ಕೌಂಟರಿನ ಮುಂದೆ ನಿಂತು ಕೇಳಿದ ಮಾತು:

"ಇದು ಉದ್ರಿ ಅಲ್ಲಲ್ರೀ?"

ವೈನಿ ಅಂದರೆ ನಮ್ಮಣ್ಣನ ಹೆಂಡತಿ ಶಾಂತಾ. ನಾರಾಯಣಖೇಡದ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಮಗಳು ಭಾಗ್ಯಾಳನ್ನು ತಾಂಡೂರಿಗೆ ಕೊಟ್ಟಿದ್ದಾರೆ. ಭಾಗ್ಯಾ ಚೊಚ್ಚಲ ಬಸುರಿ. ತವರಿನವರು ಕುಬುಸ ಮಾಡಬೇಕು, ಹಸಿರು ಸೀರೆ ಉಡಿಸಿ ಉಡಿ ತುಂಬಬೇಕು. ಸೀರೆ ಕೊಳ್ಳಲು ವೈನಿ ಜಹೀರಾಬಾದಿಗೆ ನನ್ನ ಮನೆಗೆ ಬಂದಳು. ಇಬ್ಬರೂ ಕೂಡಿ ಅಂಗಡಿಗೆ ಹೋದೆವು.

ನಮ್ಮ ಮನೆಗಳಲ್ಲಿ ಒಂದು ಕಟ್ಟುನಿಟ್ಟಿದೆ. ಸಕ್ಕರೆ ಉದ್ರಿ ತರಬಹುದು, ಚಾಪುಡಿ ಉದ್ರಿ ತರಬಹುದು. ಬಸುರಿಯ ಉಡಿಗೆ ಹಾಕುವುದು ಮಾತ್ರ ಪೂರ್ತಿ ರೊಕ್ಕ ಮುಟ್ಟಿಸಿ ತಂದದ್ದೇ ಆಗಬೇಕು. ಕೂಸು ಹುಟ್ಟುವ ಮೊದಲೇ ಸಾಲ ಹೊರಬಾರದಂತೆ. ನಂಬಿಕೆಯೋ ಮೂಢನಂಬಿಕೆಯೋ, ಎಂ.ಎ. ಓದಿದವಳು ನಾನು, ವಾದ ಮಾಡಬಹುದು. ವೈನಿ ವಾದ ಮಾಡಲಿಲ್ಲ. ಹೊಲಿದು ಕೂಡಿಟ್ಟ ನೋಟುಗಳನ್ನು ಕರ್ಚೀಫಿನಲ್ಲಿ ಗಂಟು ಹಾಕಿಕೊಂಡು ಬಂದಿದ್ದಳು.

ಗಮನಿಸಿ. ಆಕೆಯ ಕೈಯಲ್ಲಿ ನಗದು ಇತ್ತು!

ಗಂಟು ಬಿಚ್ಚುವಷ್ಟರಲ್ಲಿ ಕೌಂಟರಿನವನು ತಡೆದ. "ನಗದ್ ಯಾಕ ಕೊಡ್ತೀರಿ ಅಕ್ಕಾ? ಆ್ಯಪ್ ಮ್ಯಾಲ ಮಾಡ್ರಿ, ಡಿಸ್ಕೌಂಟ್ ಅದ."

"ನಂಗ ಅವೆಲ್ಲಾ ಮಾಡಾಕ ಬರಂಗಿಲ್ಲಪಾ."

"ನಾ ಇದ್ದೀನಲ್ರಿ. ಫೋನ್ ಕೊಡ್ರಿ ಇಲ್ಲಿ."

ಟಕಟಕ ಒತ್ತಿದ. ಆಧಾರ್ ಕೇಳಿದ, ಕೊಟ್ಟಳು. ಫೋನಿಗೆ ಮುಖ ತೋರಿಸಿ ಎಂದ, ತೋರಿಸಿದಳು. (ಸೆರಗು ಸರಿಮಾಡಿಕೊಂಡು, ಮದುವೆ ಫೋಟೋಗೆ ನಿಂತಂತೆ.) ಓಟಿಪಿ ಬಂತು, ಓದಿ ಹೇಳಿದಳು. ಆಗಲೇ ಆಕೆಗೆ ಯಾಕೋ ಅನುಮಾನ ಬಂದು ಆ ಪ್ರಶ್ನೆ ಕೇಳಿದ್ದು.

"ಛೇ ಛೇ, ಉದ್ರಿ ಎಲ್ಲೀದು? ನಮಗ ಪೂರಾ ಪೈಸಾ ಬಂತು. ನಿಮ್ಮ ಅಕೌಂಟಿಂದ ತಾನೇ ಕಟ್ ಆಗ್ತದ."

"ಹಂಗಾದ್ರ ಬಿಲ್ ಮ್ಯಾಲ ಸಿಕ್ಕಾ ಹೊಡೀರಿ."

ಹೊಡೆದ. ನೀಲಿ ಇಂಕಿನ ಮುದ್ರೆ: ಪೇಡ್.

ಅವನು ಸುಳ್ಳು ಹೇಳಿದನೇ? ಇಲ್ಲ. ನನ್ನ ರಕ್ತ ಕುದಿಯುವುದು ಅದಕ್ಕೇ. ಅಂಗಡಿಗೆ ನಿಜವಾಗಿಯೂ ಹಣ ಬಂದಿತ್ತು. ನಾವು ಮುಖವನ್ನೇ ಕಾಣದ ಯಾವುದೋ ಕಂಪನಿ ವೈನಿಯ ಹೆಸರಿನಲ್ಲಿ ಕಂತಿನ ಸಾಲ ಬರೆದು ಅದನ್ನು ಕಟ್ಟಿತ್ತು. ಉದ್ರಿ ಅಂಗಡಿಯಿಂದ ಎದ್ದು ಫೋನಿನೊಳಗೆ ಹೋಗಿ ಕೂತಿತ್ತು, ಅಷ್ಟೆ. ಸಾಲ ಬೇಡವೆಂದು ಬಾಯಿಬಿಟ್ಟು ಹೇಳಿದ ಹೆಂಗಸಿಗೆ ಸಾಲ ಮಾರುವುದಕ್ಕೆ ಏನೆನ್ನುತ್ತಾರೆ? ವ್ಯಾಪಾರವೇ?

ಅಕೌಂಟಿನಲ್ಲಿ ಎಷ್ಟಿದೆಯೆಂದು ಎಂದೂ ನೋಡದ ವೈನಿ, ರೊಕ್ಕ ಅಲ್ಲಿಂದಲೇ ಹೋಯಿತೆಂದು ತಿಳಿದು ಕರ್ಚೀಫಿನ ನೋಟುಗಳಲ್ಲಿ ಬಳೆ ಕೊಂಡಳು, ಹೋಳಿಗೆ ಊಟ ಹಾಕಿಸಿದಳು. ಕುಬುಸ ಚೆಂದ ಆಯಿತು. ಆದರೆ ಬ್ಲೌಸ್ ಹೊಲಿಸುವವರು ಕೈಗೆ ರೊಕ್ಕ ಕೊಡುತ್ತಾರೆ, ಬ್ಯಾಂಕಿಗಲ್ಲ. ಕಂತಿನ ದಿನ ಅಕೌಂಟಿನಲ್ಲಿ ಏನೂ ಇರಲಿಲ್ಲ. ಇಲ್ಲದ್ದಕ್ಕೆ ಬ್ಯಾಂಕ್ ದಂಡ ಹಾಕಿತು. ತಡವಾದದ್ದಕ್ಕೆ ಆ್ಯಪ್ ದಂಡ ಹಾಕಿತು. ಇಂಗ್ಲಿಷ್ ಮೆಸೇಜುಗಳು ಬಂದವು. ವೈನಿ ಅವನ್ನೂ ಜಾಹೀರಾತು ಎಂದುಕೊಂಡು ಬೆರಳಲ್ಲಿ ಸರಿಸಿದಳು. (ನಾವೆಲ್ಲ ಮತ್ತೇನು ಮಾಡುತ್ತೇವೆ?)

ಆಮೇಲೆ ಫೋನು. ಹಿಂದಿಯಲ್ಲಿ ಒಬ್ಬ, ತೆಲುಗಿನಲ್ಲಿ ಇನ್ನೊಬ್ಬ. ಮೊದಲು ಮೇಡಂ, ಆಮೇಲೆ ನಾನು ಇಲ್ಲಿ ಬರೆಯಲಾಗದ ಮಾತು. ವೈನಿ ಹೆದರಿ ಫೋನ್ ಎತ್ತುವುದನ್ನೇ ಬಿಟ್ಟಳು. ಅವರು ತಾಂಡೂರಿಗೆ ಮಾಡಿದರು.

ಆ ನಂಬರ್ ಅವರಿಗೆ ಹೇಗೆ ಸಿಕ್ಕಿತು? ಅಂದು ಕೌಂಟರಿನಲ್ಲಿ ಟಕಟಕ ಒತ್ತುವಾಗ, ಫೋನಿನಲ್ಲಿರುವ ಹೆಸರುಗಳನ್ನೆಲ್ಲ ನೋಡಲೇ ಎಂದು ಆ್ಯಪ್ ಕೇಳಿತ್ತು. ನೋಡು ಎಂದು ವೈನಿಯ ಪರವಾಗಿ ಅವನೇ ಒತ್ತಿದ್ದ. ನಮ್ಮ ಹೆಣ್ಣುಮಕ್ಕಳು ಫೋನಿನಲ್ಲಿ ಹೆಸರು ಬರೆಯುವುದಿಲ್ಲ, ಸಂಬಂಧ ಬರೆಯುತ್ತಾರೆ. ಬೀಗಿತ್ತಿ ಗುರುಬಸಮ್ಮನ ನಂಬರ್ ಇದ್ದದ್ದು 'ಭಾಗ್ಯಾನ ಅತ್ತಿ' ಎಂದು. ಎಲ್ಲಿ ಚುಚ್ಚಿದರೆ ನೋಯುತ್ತದೆ ಎಂದು ಹುಡುಕುವವನಿಗೆ ಇದಕ್ಕಿಂತ ಒಳ್ಳೆಯ ನಕಾಶೆ ಬೇಕೆ?

ಹೀಗೆ ನೆಂಟರಿಗೆ ಫೋನ್ ಮಾಡಿ ಮಾನ ಕಳೆಯುವುದು ನಿಯಮಕ್ಕೆ ವಿರುದ್ಧವಂತೆ. ಇರಬಹುದು. ಆ ನಿಯಮವೂ ಇಂಗ್ಲಿಷಿನಲ್ಲೇ ಮೆಸೇಜ್ ಆಗಿ ಬಂದು, ಯಾರದೋ ಬೆರಳಲ್ಲಿ ಸರಿದುಹೋಗಿರಬೇಕು.

ಉದ್ರಿ ನಮಗೆ ಹೊಸದಲ್ಲ. ಹಳೆಯ ಅಂಗಡಿಯ ಸೇಠಜಿಯೂ ಬಾಕಿ ಕೇಳುತ್ತಿದ್ದ. ಆದರೆ ಮೊದಲು ಮಂಡಿನೋವು ಹೇಗಿದೆ ಎಂದು ವಿಚಾರಿಸಿ, ಎದ್ದು ಹೋಗುವಾಗ "ಒಂದೀಟು ನೋಡ್ರಿ ಮತ್ತ" ಅನ್ನುತ್ತಿದ್ದ. ಅವನೇನು ದೇವರಲ್ಲ. ನಾಳೆ ನಮ್ಮ ಬೀಗರಿಗೂ ಅವನು ಸೀರೆ ಮಾರಬೇಕಿತ್ತು, ಅದಕ್ಕೇ ನಾಲಿಗೆ ಹಿಡಿತದಲ್ಲಿತ್ತು. ಈ ಫೋನಿನವರಿಗೆ ಯಾವ ನಾಳೆ? ಯಾವ ಬೀಗರು?

ತಾಂಡೂರಿಗೆ ಫೋನ್ ಹೋದದ್ದು ತಿಳಿದ ದಿನವೇ ಅಣ್ಣ ಬಾಕಿಯನ್ನೆಲ್ಲ ಕಟ್ಟಿದ. ಆದರೆ ತಾಂಡೂರಿನಿಂದ ಮಾತು ಬಂದಾಗಿತ್ತು: ಭಾಗ್ಯಾಳನ್ನು ಬಾಣಂತನಕ್ಕೆ ಕಳಿಸುವುದಿಲ್ಲ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರದಿದ್ದರೆ ತಾಯಿಗೆ ಉಳಿಯುವುದೇನು? ಭಾಗ್ಯಾ ಅಲ್ಲಿ ಅಳುತ್ತಾಳೆ. ವೈನಿ ಇಲ್ಲಿ ಮನೆಗೆ ಬಂದವರಿಗೆಲ್ಲ ಬಿಲ್ ತೋರಿಸುತ್ತಾಳೆ. "ಸಿಕ್ಕಾ ನೋಡ್ರಿ. ನಾ ಕೇಳೇ ಹೊಡಿಸೀನಿ."

ನೋಡಲಾಗದೆ ಹೋದ ವಾರ ನಾನೇ ತಾಂಡೂರಿಗೆ ಹೋದೆ. ಗುರುಬಸಮ್ಮ ಕೆಟ್ಟವಳಲ್ಲ. ಚಹಾ ಕೊಟ್ಟಳು, ಬಿಸ್ಕೀಟು ಮುಂದಿಟ್ಟಳು, ಆಮೇಲೆ ಶುರು ಮಾಡಿದಳು.

"ರೊಕ್ಕದ ಮಾತಲ್ಲ ಬಾಯೀ, ಮಾನದ ಮಾತು. ಮನ್ಯಾಗ ಮಂದಿ ಕುಂತಿದ್ರು, ಫೋನ್ ಸ್ಪೀಕರ್ ಮ್ಯಾಲಿತ್ತು. ನಿಮ್ಮ ಬೀಗ್ರು ಚೋರ್, ಸೀರಿ ಸಾಲ ಕಟ್ಟಿಲ್ಲ ಅಂದ ಅಂವ. ಉದ್ರಿ ಸೀರಿ ಉಡಿಸಿ ನಮ್ಮ ಮನಿ ಕೂಸಿನ ಉಡಿ ತುಂಬ್ಯಾಳ ನಿಮ್ಮ ವೈನಿ! ಅಂಥ ಮನಿಗಿ ಹೆಂಗ ಕಳಸಲಿ?"

ನಡೆದದ್ದೆಲ್ಲ ಹೇಳಿದೆ. ಕರ್ಚೀಫು, ಡಿಸ್ಕೌಂಟು, ಸಿಕ್ಕಾ. ಪೂರ್ತಿ ಕೇಳಿದಳು.

"ಎಂ.ಎ. ಓದಿದಾಕಿ ನೀ ಜೋಡೀಲೆ ಇದ್ದೆಲ್ಲಾ, ನಿಂಗೂ ತಿಳೀಲಿಲ್ಲಾ?"

ತಿಳಿಯಲಿಲ್ಲ. ಹಾಗೆಂದೇ ಹೇಳಿದೆ. ಕಾಲೇಜು ಓದಿದವಳಿಗೂ ತಿಳಿಯದ ಹಾಗೆ ಮಾಡಿಟ್ಟದ್ದು ವೈನಿಯ ತಪ್ಪು ಹೇಗಾಗುತ್ತದೆ, ಬಾಣಂತನ ತಪ್ಪಿಸಿ ಶಿಕ್ಷೆ ಕೊಡುವುದು ಯಾರಿಗೆ ಎಂದೂ ಹೇಳಿದೆ. ಗುರುಬಸಮ್ಮ ಚಹಾದ ಕಪ್ಪು-ಬಸಿ ಎತ್ತಿಕೊಂಡು ಒಳಗೆ ಹೊರಟಳು. ಅವಳ ಬೆನ್ನಿಗೇ ಇನ್ನೊಂದು ಮಾತು ಕೇಳಿದೆ. ಒಳಗೆ ಹೋದವಳು ನಾನು ಬಸ್ಸಿಗೆ ಹೊರಡುವವರೆಗೂ ಈಚೆ ಬರಲಿಲ್ಲ.

"ನಮ್ಮ ವೈನಿಗಿ ಇಷ್ಟೆಲ್ಲಾ ಅಂದ್ರಿ. ಚೋರ್ ಅಂದನಲ್ರೀ ಆ ಫೋನಿನಾಂವ, ಅವಂಗ ನೀವೇನಂದ್ರಿ?"