ಮೌಲಾಸಾಬರ ಕೈ ಕೆಟ್ಟಿರಲಿಲ್ಲ

ಮೌಲಾಸಾಬರ ಕೈ ಕೆಟ್ಟಿರಲಿಲ್ಲ. ಅವರು ದುರಸ್ತಿ ಮಾಡಿ ಕೊಟ್ಟ ರೇಡಿಯೋವನ್ನು ಮತ್ತೆ ಮತ್ತೆ ಕೆಡಿಸಿದವನು ನಾನು. ಕೆಡಿಸಿ, ಮಾಲು ಸರಿ ಇಲ್ಲ ಎಂದು ದೂರು ಕೊಟ್ಟು, ಕೊನೆಗೆ ಅದನ್ನು ವಾಪಸು ಕಳಿಸಿ ಹಣವನ್ನೂ ಹಿಂದಕ್ಕೆ ಪಡೆದವನು ನಾನು. ಹಣದ ಆಸೆಗೆ ಮಾಡಿದ್ದಲ್ಲ — ಹಾಗೆಂದುಕೊಂಡರೆ ತಪ್ಪು ಹಗುರಾದೀತು ಎಂಬ ಭ್ರಮೆಯೂ ನನಗಿಲ್ಲ. ಹಣಕ್ಕಾಗಿ ಮಾಡಿದ್ದರೆ ಎಂದೋ ತಿರುಗಿ ಕೊಟ್ಟು ಕೈತೊಳೆದುಕೊಳ್ಳಬಹುದಿತ್ತು. ನಾನು ಅವರಿಂದ ಕಿತ್ತುಕೊಂಡದ್ದು ಬೇರೆ.

ದಾಂಡೇಲಿಯ ಕಾರ್ಖಾನೆಯೊಂದರಲ್ಲಿ ಲಾರಿಗಳ ತೂಕದ ಕಾಟಾ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಕುಳಗಿಯ ಕಡೆಯಿಂದ ಬಿದಿರು ಹೇರಿಕೊಂಡು ಬಂದ ಲಾರಿ ಕಾಟಾದ ಮೇಲೆ ಹತ್ತಿ ನಿಂತರೆ ನಾನು ಕಿಟಕಿಯ ಒಳಗಿನಿಂದ ತೂಕ ಬರೆಯಬೇಕು. ಬಿದಿರಿಗೆ ನೀರು ಹೊಡೆದು ತರುವವರು, ತುಂಬಿದ ಲಾರಿ ತೂಗುವಾಗ ಕ್ಲೀನರನನ್ನು ಒಳಗೆ ಮಲಗಿಸಿ ಖಾಲಿ ಲಾರಿ ತೂಗುವಾಗ ಮೆಲ್ಲಗೆ ಇಳಿಸಿಬಿಡುವವರು — ಇಂಥವರನ್ನು ಹಿಡಿಯುವುದರಲ್ಲಿ ನನಗೆ ಹೆಸರಿತ್ತು. ಆ ಸಾಹೇಬನ ಮುಂದೆ ಆಟ ನಡೆಯುವುದಿಲ್ಲ ಎಂದು ಡ್ರೈವರುಗಳು ಹೇಳುತ್ತಿದ್ದರಂತೆ. ಅದನ್ನು ಕೇಳಿ ಬೀಗಿದ್ದೇನೆ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ ಇರಬೇಕು.

ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ... ಆಗಲಿಲ್ಲ, ಅಷ್ಟೆ. ಕೋಗಿಲಬನದ ದಾರಿಯಲ್ಲಿ ಬಾಡಿಗೆಯ ಮನೆ, ಜೊತೆಗೆ ಅವ್ವ. ಅವ್ವ ಹೋದ ಮೇಲೆ ಗೊತ್ತಾಯಿತು, ಆ ಮನೆಯಲ್ಲಿ ಮಾತಾಡುತ್ತಿದ್ದವಳು ಅವಳೊಬ್ಬಳೇ. ನಾನು ಬರೀ ಹೂಂ ಅನ್ನುತ್ತಿದ್ದೆ. ಹೂಂಗುಟ್ಟುವುದಕ್ಕಾದರೂ ಎದುರಿಗೊಂದು ಮಾತು ಬೇಕಲ್ಲ. ವಾರವೆಲ್ಲ ಲಾರಿಗಳ ಗದ್ದಲದಲ್ಲಿ ಹೇಗೋ ಕಳೆಯುತ್ತಿತ್ತು, ರವಿವಾರ ಮಾತ್ರ — ಶನಿವಾರ ಸಂಜೆ ಯಾವನೋ ಡ್ರೈವರನಿಗೆ ‘ಗಾಡಿ ಮುಂದ ತಗೋ’ ಅಂದದ್ದೇ ಸೋಮವಾರದ ತನಕ ನನ್ನ ಕೊನೆಯ ಮಾತಾಗಿರುತ್ತಿತ್ತು.

ಆಗ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಇಂಟರ್ನೆಟ್ ಅಂಗಡಿ ತೆರೆಯಿತು. ನನಗೆ ಅಲ್ಲೇನೂ ಕೆಲಸವಿರಲಿಲ್ಲ. ಅಕ್ಕಪಕ್ಕದಲ್ಲಿ ಮನುಷ್ಯರು ಇರುತ್ತಾರೆ ಎಂದು ಹೋಗಿ ಕೂರುತ್ತಿದ್ದೆ. ಹೀಗೆ ಕೂತಾಗ ಹಳೆಯ ಸಾಮಾನು ಮಾರುವ, ಕೊಳ್ಳುವ ಜಾಲತಾಣವೊಂದು ಕಣ್ಣಿಗೆ ಬಿತ್ತು. ಗಡಿಯಾರ, ನಾಣ್ಯ, ಕ್ಯಾಮೆರಾಗಳ ನಡುವೆ ಒಂದು ಮರದ ಪೆಟ್ಟಿಗೆಯ ರೇಡಿಯೋ, ಥೇಟು ನಮ್ಮ ಮನೆಯಲ್ಲಿ ಹಿಂದೆ ಇದ್ದಂಥದ್ದು. ಮಾರುವವರ ಹೆಸರು, ಊರು ನೋಡಿದೆ: ಮೌಲಾಸಾಬ, ಹಳಿಯಾಳ. ಒಬ್ಬನೇ ನಕ್ಕುಬಿಟ್ಟೆ. ಬಸ್ಸು ಹತ್ತಿದರೆ ತಾಸಿನ ದಾರಿ, ಅದನ್ನು ಸುತ್ತಿಬಳಸಿ ಮೂಗು ಹಿಡಿದ ಹಾಗೆ ಜಾಲತಾಣದ ಮೂಲಕ ತರಿಸಿಕೊಂಡೆ.

ಆ ತಾಣದ ಪದ್ಧತಿ ಹೀಗಿತ್ತು. ಕೊಂಡವನು ಕಟ್ಟಿದ ಹಣ ಅವರ ಹತ್ತಿರವೇ ಇರುತ್ತದೆ. ಮಾಲು ಸರಿಯಾಗಿ ಮುಟ್ಟಿತು ಎಂದು ಕೊಂಡವನು ಒಪ್ಪಿದ ಮೇಲೆ ಮಾರಿದವನಿಗೆ ಹೋಗುತ್ತದೆ. ಸರಿ ಇಲ್ಲವೆಂದರೆ ವಾಪಸು ಕಳಿಸಬಹುದು. ಮಾರಿದವನ ಹೆಸರಿನ ಕೆಳಗೆ ಕೊಂಡವರು ಬರೆದ ಒಳ್ಳೆಯ ಮಾತು, ಕೆಟ್ಟ ಮಾತು ಎಲ್ಲರಿಗೂ ಕಾಣುವ ಹಾಗೆ ಇರುತ್ತದೆ. ಮೌಲಾಸಾಬರ ಹೆಸರಿನ ಕೆಳಗೆ ಆಗ ಒಂದೂ ಕೆಟ್ಟ ಮಾತಿರಲಿಲ್ಲ.

ರೇಡಿಯೋ ಬಂತು. ಹಾಡಲಿಲ್ಲ. ಇದೊಂದು ಸಲ ಮಾತ್ರ ನನ್ನ ತಪ್ಪಿರಲಿಲ್ಲ — ದಾರಿಯ ಕುಲುಕಾಟಕ್ಕೆ ಒಳಗೊಂದು ವೈರು ಬಿಟ್ಟಿತ್ತು. ವಾಪಸು ಕಳಿಸುತ್ತೇನೆ ಎಂದು ಫೋನು ಮಾಡಿದೆ. ಮೌಲಾಸಾಬರು ಗಾಬರಿಯಾದರು. ಕಳಿಸಬ್ಯಾಡ್ರಿ, ಹೋಗಿ ಬರೂದ್ರಾಗ ಇನ್ನಷ್ಟು ಕೆಡತೈತಿ ಎಂದು ತಡೆದರು. ಆಮೇಲೆ ಹೇಳಿದರು: “ನನ್ನ ಕೈಯಿಂದ ಹೋದ ಮಾಲು ಕೆಟ್ಟರ ಅದರ ಹಿಂದ ನಾನ ಹೋಗಬೇಕ್ರಿ ಸಾಹೇಬ್ರ. ರವಿವಾರ ಬರ್ತೇನಿ.”

ಹಳಿಯಾಳದ ಪೇಟೆಯಲ್ಲಿ ಅಂಗಡಿ ಇಟ್ಟುಕೊಂಡವರಿಗೆ ಅದೇ ರಿವಾಜು. ವಾಪಸು ಎಂದರೆ ಮಾಲು ತಿರುಗಿ ಬರುವುದಲ್ಲ, ಮಾರಿದವನು ಗಿರಾಕಿಯ ಮನೆಗೆ ಹೋಗುವುದು. ಜಾಲತಾಣದವರಿಗೆ ಅದು ಗೊತ್ತಿರಲಿಲ್ಲ, ಮೌಲಾಸಾಬರಿಗೆ ಬೇರೆ ಪದ್ಧತಿ ಗೊತ್ತಿರಲಿಲ್ಲ.

ರವಿವಾರ ಬಂದರು. ಅರವತ್ತರ ಹತ್ತಿರದ ವಯಸ್ಸು, ಬಿಳಿ ಗಡ್ಡ, ಹೆಗಲಲ್ಲಿ ಹತಾರದ ಚೀಲ. ನೆಲದ ಮೇಲೆ ಹಳೆಯ ಪೇಪರ್ ಹಾಸಿ ರೇಡಿಯೋ ಬಿಚ್ಚಿದರು, ವೈರಿಗೆ ಬೆಸುಗೆ ಹಾಕಿದರು, ಸ್ಪೀಕರಿಗೆ ಕಿವಿ ಹಚ್ಚಿ ಕಣ್ಣು ಮುಚ್ಚಿ ಗುಂಡಿ ತಿರುಗಿಸಿದರು. ಧಾರವಾಡ ಆಕಾಶವಾಣಿ ಬಂತು. ಇನ್ನಷ್ಟು ತಿರುಗಿಸಿದರೆ ಪಣಜಿಯ ಕೊಂಕಣಿ. ಕೆಲಸ ಅರ್ಧ ತಾಸಿನದು. ಆದರೆ ಚಹಾ ಆಯಿತು, ಅವಲಕ್ಕಿ ಆಯಿತು, ಮತ್ತೆ ಚಹಾ ಆಯಿತು. ಟೀವಿ ಬಂದ ಮೇಲೆ ರೇಡಿಯೋ ಅಂಗಡಿಯಲ್ಲಿ ನೊಣ ಹೊಡೆಯುತ್ತ ಕೂತಿದ್ದರಂತೆ. ಮಗಳು ರೇಶ್ಮಾ ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸಕ್ಕೆ ಸೇರಿ ಇವರ ರೇಡಿಯೋಗಳ ಫೋಟೋ ಜಾಲತಾಣಕ್ಕೆ ಹಾಕಿದಳಂತೆ. ಈಗ ಪುಣೆಯವರು, ಮದ್ರಾಸಿನವರು ಕೊಳ್ಳುತ್ತಾರೆ ಎಂದು ಹೇಳುವಾಗ ಅವರ ಮುಖದಲ್ಲಿ ಹೊಸ ಅಳಿಯನ ಬಿಗುಮಾನ. ಸಂಜೆಯ ಬಸ್ಸಿಗೆ ಹೋದರು. ಆ ಮನೆಯಲ್ಲಿ ಅಷ್ಟು ಮಾತು ಅವ್ವ ಹೋದ ಮೇಲೆ ಅದೇ ಮೊದಲು.

ಮುಂದಿನ ರವಿವಾರ ರೇಡಿಯೋ ಚೆನ್ನಾಗಿಯೇ ಹಾಡಿತು. ಹಾಡು ಕೇಳುತ್ತ ಕೂತವನಿಗೆ ಮನೆ ಮೊದಲಿಗಿಂತ ಖಾಲಿ ಅನ್ನಿಸಿತು. ಹಿಂದಿನ ವಾರ ಅವರು ಕೂತ ಜಾಗ — ಅಲ್ಲಿ ಬೆಸುಗೆಯ ಒಂದು ಹನಿ ನೆಲಕ್ಕೆ ಅಂಟಿತ್ತು. ಅಡಿಗೆಮನೆಯಿಂದ ಚಾಕು ತಂದೆ. ಹಿಂದಿನ ತಿರುಪು ಬಿಚ್ಚಿದೆ. ಅವರು ಹಾಕಿದ ಬೆಸುಗೆಯ ಬುಡಕ್ಕೆ ಚಾಕುವಿನ ಮೊನೆ ಇಟ್ಟು — ಒತ್ತಿದೆ. ರೇಡಿಯೋ ಗಪ್ಪಾಯಿತು. ನನ್ನ ಎದೆ ಡವಗುಟ್ಟುತ್ತಿತ್ತು, ಆದರೆ ಸುಳ್ಳು ಯಾಕೆ ಹೇಳಲಿ, ಖುಷಿಗೆ.

ಅವರು ಬಂದರು. ಮತ್ತೆ ಚಹಾ, ಮತ್ತೆ ಮಾತು. ಕೆಲವು ವಾರ ಬಿಟ್ಟು ಇನ್ನೊಮ್ಮೆ. ಆಗ ಸ್ಟೇಷನ್ ತೋರಿಸುವ ಮುಳ್ಳನ್ನು ಓಡಿಸುವ ದಾರ ತುಂಡು ಮಾಡಿದ್ದೆ. ಅವರಿಗೆ ಬಸ್ಸಿನ ಖರ್ಚು, ಒಂದು ದಿನದ ಅಂಗಡಿ ಬಂದ್. ನನ್ನ ದೂರು ಇರುವ ತನಕ ಅವರ ಹಣವೂ ತಡೆದು ನಿಂತಿತ್ತು. ಇದೆಲ್ಲ ನನಗೆ ತಿಳಿಯುತ್ತಿತ್ತು. ತಿಳಿದೂ ಕರೆಯುತ್ತಿದ್ದೆ. ಮೂರನೆಯ ಸಲ ಅವರು ರೇಡಿಯೋ ಮುಚ್ಚದೆ ಸುಮ್ಮನೆ ಕೂತು ತಮ್ಮ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಹಿಂಗ್ಯಾಕ ಆಗಾಕತ್ತೈತಿ ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ನಾನು ಅವರ ಬಟ್ಟಲಿಗೆ ಇನ್ನಷ್ಟು ಚಹಾ ಸುರಿದೆ.

ಮುಂದಿನದು ಹೇಳುವುದು ಕಷ್ಟ. ಮತ್ತೆ ಕೆಡಿಸಿ ಫೋನು ಮಾಡಿದಾಗ ಅವರು, ಈ ರವಿವಾರ ಆಗೂದಿಲ್ಲ, ರೇಶ್ಮಾನ ಮದುವಿ ನಿಶ್ಚಯ ಐತಿ, ಮುಂದಿನ ವಾರ ತಪ್ಪದ ಬರ್ತೇನಿ ಅಂದರು. ನನ್ನನ್ನು ಕರೆಯಲಿಲ್ಲ. ಯಾಕೆ ಕರೆಯಬೇಕು? ನಾನು ಗಿರಾಕಿ. ಅವರು ನನ್ನ ಮನೆಯಲ್ಲಿ ಕೂತಿದ್ದು ಗಿರಾಕಿಯ ಮನೆ ಎಂದು. ಇದು ಚಿಕ್ಕ ಮಗುವಿಗೂ ತಿಳಿಯುವ ಮಾತು, ನನಗೆ ಮಾತ್ರ ಆ ದಿನ ಕಪಾಳಕ್ಕೆ ಹೊಡೆದಂತಾಯಿತು. ನೇರ ಇಂಟರ್ನೆಟ್ ಅಂಗಡಿಗೆ ಹೋಗಿ ವಾಪಸಿಗೆ ಬರೆದೆ. ಕಾಟಾದ ಮೇಲೆ ಕಲಿತ ಭಾಷೆ ನನ್ನದು, ದೂರು ಬರೆಯುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಪದೇ ಪದೇ ದುರಸ್ತಿ ಮಾಡಿದರೂ ನಿಲ್ಲುವುದಿಲ್ಲ, ಕೆಲಸ ಕಚ್ಚಾ, ಯಾರೂ ಮೋಸ ಹೋಗಬಾರದು ಎಂದು ಅವರ ಹೆಸರಿನ ಕೆಳಗೆ ಇಂಗ್ಲಿಷಿನಲ್ಲಿ ಬರೆದೆ. ಮೋಸ ಎಂಬ ಪದವನ್ನು ನಾನು ಬರೆದೆ.

ರೇಡಿಯೋ ಹೋಯಿತು, ಹಣ ಬಂತು. ಆಮೇಲಿನ ರವಿವಾರ ಹಾಡೂ ಇಲ್ಲ, ಮನುಷ್ಯರೂ ಇಲ್ಲ.

ಕೆಲವು ದಿನ ಕಳೆದು ರೇಶ್ಮಾ ಫೋನು ಮಾಡಿದಳು. ಆ ಹುಡುಗಿಯನ್ನು ನಾನು ಕಂಡೇ ಇರಲಿಲ್ಲ. ನಾನು ಬರೆದದ್ದನ್ನು ನೋಡಿ ಕೊಳ್ಳುವವರು ಹಿಂದೆ ಸರಿಯುತ್ತಿದ್ದಾರೆ ಎಂದಳು, ಆದರೆ ಅದಕ್ಕೆ ಫೋನು ಮಾಡಿದ್ದಲ್ಲವಂತೆ. ಅವಳ ಅಬ್ಬಾ ಅಂಗಡಿಗೇ ಹೋಗುತ್ತಿಲ್ಲವಂತೆ. ಹೋದರೂ ಹಾಕಿದ ಬೆಸುಗೆಯನ್ನೇ ಮತ್ತೆ ಬಿಡಿಸಿ ಮತ್ತೆ ಹಾಕುತ್ತಾರೆ. ಆಮೇಲೆ ಕೇಳಿದಳು:

“ಕಾಕಾ, ಒಂದ ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನೀವು ಅದನ್ನ ಬಿಚ್ಚಿದ್ರೇನು?”

ಹೌದು ಅಂದಿದ್ದರೆ ಸಾಕಿತ್ತು. ಬೈಯುತ್ತಿದ್ದಳು, ಊರೆಲ್ಲ ಹೇಳುತ್ತಿದ್ದಳು, ನನ್ನ ಮಾನ ಹೋಗುತ್ತಿತ್ತು — ಹೋದರೆ ಏನಾಗುತ್ತಿತ್ತು? ಆ ಮಾನವನ್ನು ನೋಡಲಿಕ್ಕೆ ನನ್ನ ಮನೆಗೆ ಯಾರು ಬರುತ್ತಿದ್ದರು? ಆದರೂ ನಾನು ಅಂದೆ:

“ಇಲ್ಲವ್ವಾ. ನನಗ ಅದೆಲ್ಲಿ ತಿಳೀತೈತಿ.” ಅಷ್ಟಕ್ಕೆ ನಿಲ್ಲಿಸಲಿಲ್ಲ. “ಅವರಿಗೂ ವಯಸ್ಸಾತಲ್ಲವ್ವಾ.”

ಅವಳು ಹೌದ್ರಿ ಕಾಕಾ ಎಂದು ಫೋನು ಇಟ್ಟಳು. ಚಾಕುವಿನಿಂದ ಬಿಡಿಸಿದ್ದು ವೈರು. ಈ ಮಾತಿನಿಂದ ಬಿಡಿಸಿದ್ದು... ಅವಳು ಅದನ್ನು ನಂಬಿ ತಂದೆಗೆ ಹೇಳಿರಬೇಕು.

ಯಾಕೆಂದರೆ ಮುಂದಿನ ರವಿವಾರ ಮೌಲಾಸಾಬರು ಕರೆಯದೆಯೇ ಬಂದರು. ಹೆಗಲಲ್ಲಿ ಹತಾರದ ಚೀಲವಿರಲಿಲ್ಲ. ಕೈಯಲ್ಲಿ ಹುಬ್ಬಳ್ಳಿಯಿಂದ ತಂದ ಹೊಸ ರೇಡಿಯೋ, ಇನ್ನೂ ಡಬ್ಬಿಯೂ ಒಡೆದಿರಲಿಲ್ಲ. ನಿಮಗ ಭಾಳ ತ್ರಾಸ ಕೊಟ್ಟೆ, ಇದನ್ನ ಇಟ್ಟಕೊಳ್ರಿ ಎಂದರು. ನನ್ನ ಹಣ ನನಗೆ ಮುಟ್ಟಿದೆ ಎಂದೆ; ಕೇಳಲಿಲ್ಲ. ಡಬ್ಬಿಯನ್ನು ನಾನೇ ಒಡೆಯಬೇಕಾಯಿತು. ಅವರು ಗೋಡೆಗೆ ಒರಗಿ, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು.

“ಇದಕ್ಕ ನನ್ನ ಕೈ ಹತ್ತಿಲ್ರಿ ಸಾಹೇಬ್ರ,” ಅಂದರು. “ಇದು ಕೆಡೂದಿಲ್ಲ.”

ಚುಚ್ಚು ಮಾತಲ್ಲ ಅದು. ಚುಚ್ಚು ಮಾತಾಗಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಗಿರಾಕಿಗೆ ಭರವಸೆ ಕೊಡುವ ದನಿಯಲ್ಲೇ ಹೇಳಿದರು. ಚಹಾ ಕುಡಿದು ಮಧ್ಯಾಹ್ನದ ಬಸ್ಸಿಗೇ ಹೊರಟರು. ಅವರ ಮಾತು ನಿಜವಾಯಿತು. ಆ ರೇಡಿಯೋ ವರ್ಷಗಟ್ಟಲೆ ಕೆಡಲಿಲ್ಲ. ಅದನ್ನು ಕೆಡಿಸಲು ನನ್ನ ಕೈಯೂ ಏಳಲಿಲ್ಲ. ಅವರು ಮತ್ತೆ ಬರಲು ಯಾವ ಕಾರಣವೂ ಉಳಿಯಲಿಲ್ಲ.

ಅಂಗಡಿ ಮುಚ್ಚಿದರೆಂದು, ಒಳಗಿದ್ದ ರೇಡಿಯೋಗಳನ್ನೆಲ್ಲ ಗುಜರಿಗೆ ತೂಕಕ್ಕೆ ಹಾಕಿದರೆಂದು ಆಮೇಲೆ ಕೇಳಿದೆ. ತೂಕಕ್ಕೆ ಎಂಬ ಮಾತು ಕೇಳಿ ಆ ದಿನ ನನಗೆ ಕಾಟಾದ ಮುಂದೆ ಕೂರಲಾಗಲಿಲ್ಲ, ರಜೆ ಹಾಕಿ ಮನೆಗೆ ಬಂದೆ.

ಹೋದ ವರ್ಷ ಆ ರೇಡಿಯೋ ತಾನಾಗಿಯೇ ನಿಂತಿತು. ನನ್ನ ಮನಸ್ಸು ಎಂಥ ಹಲ್ಕಟ್ ಎಂದರೆ, ಮೊದಲು ಹುಟ್ಟಿದ್ದು ಸಂತೋಷ — ಈಗ ಹೋಗಬಹುದಲ್ಲ! ರೇಡಿಯೋ ಚೀಲದಲ್ಲಿ ಹಾಕಿಕೊಂಡು ಹಳಿಯಾಳಕ್ಕೆ ಹೋದೆ. ಮೌಲಾಸಾಬರು ಹೆಂಡತಿಯ ತಮ್ಮನ ಚಪ್ಪಲಿ ಅಂಗಡಿಯಲ್ಲಿ ಕೂತಿದ್ದರು. ನನ್ನನ್ನು ಕಂಡು ಖುಷಿಪಟ್ಟರು. ರೇಡಿಯೋ ಹೊರಗೆ ತೆಗೆದರೆ ಮುಟ್ಟಲಿಲ್ಲ, ನಾ ಮುಟ್ಟಿದ್ರ ಇದ್ದದ್ದೂ ಹೋಗತೈತಿ ಎಂದು ನಕ್ಕರು. ನಾನು ಬಾಯಿ ತೆರೆದೆ. ಬಂದದ್ದು, ಒಂದು ಜೋಡು ಚಪ್ಪಲಿ ತೋರಿಸ್ರಿ ಎಂಬ ಮಾತು.

ಅವರು ನನ್ನ ಮುಂದೆ ನೆಲದ ಮೇಲೆ ಕೂತರು. ನನ್ನ ಕಾಲನ್ನು ತಮ್ಮ ಮೊಣಕಾಲಿನ ಮೇಲೆ ಇಟ್ಟುಕೊಂಡು ಚಪ್ಪಲಿ ತೊಡಿಸಿದರು. ಪಟ್ಟಿಯ ತೂತು ಸಣ್ಣದು, ಕೊಂಡಿಯ ಕಡ್ಡಿ ಅದಕ್ಕಿಂತ ಸಣ್ಣದು. ಒಂದೇ ಸಲಕ್ಕೆ ಸೇರಿಸಿದರು. ಆ ಬೆರಳುಗಳು ಎಲ್ಲಿಯೂ ನಡುಗಲಿಲ್ಲ, ತಡವರಿಸಲಿಲ್ಲ. ಬಿಗಿ ಆತೇನ್ರಿ ಎಂದು ಕೇಳಿದರು. ಇಲ್ಲ, ಬರೋಬರಿ ಐತಿ ಅಂದೆ. ದುಡ್ಡು ಕೊಟ್ಟು ಬಸ್ಸು ಹತ್ತಿದೆ.

ಆ ಚಪ್ಪಲಿಯನ್ನು ನಾನು ಈವರೆಗೆ ಮೆಟ್ಟಿಲ್ಲ.

ಎದುರಿಗೆ ಕೂತು ಹೇಳಲಾಗದೆ ಬಂದ ಮಾತು ಇದು. ಒಮ್ಮೆ ಕಾಗದದ ಮೇಲೆ ಬಂದರೆ ನಾಲಿಗೆಗೂ ಬಂದೀತೆಂದು ಇಲ್ಲಿ ಬರೆದಿದ್ದೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಕ್ಷಮಿಸಿದರೂ ಆ ಅಂಗಡಿ ತೆರೆಯುವುದಿಲ್ಲ. ಅವರ ಕೈಗೆ ಏನೂ ಆಗಿರಲಿಲ್ಲ ಎಂಬುದು ಅವರಿಗೆ ಗೊತ್ತಾಗಬೇಕು, ಅಷ್ಟೆ. ನನ್ನ ಬಾಯಿಂದ ಹೋದ ಒಂದು ಸುಳ್ಳು ಇಷ್ಟು ವರ್ಷ ಅವರ ಮನೆಯಲ್ಲಿದೆ. ಅದರ ಹಿಂದೆ ನಾನೇ ಹೋಗಬೇಕು. ರವಿವಾರ ಹಳಿಯಾಳಕ್ಕೆ ಹೋಗುತ್ತೇನೆ, ಆ ಚಪ್ಪಲಿ ಮೆಟ್ಟಿಕೊಂಡು.