ಅವ್ವನ ಬೋಗುಣಿಯ ನೀರು

ನಾನು ಗದಗಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಪ್ರತಿ ವರ್ಷ ಹೊಸದಾಗಿ ಕರೆಸಿಕೊಳ್ಳಬೇಕಾದವಳು. ಆ ವರ್ಷ ನನ್ನನ್ನು ಮತ್ತೆ ಕರೆಯಬೇಕೋ ಬೇಡವೋ ಎಂದು ನೋಡಲು ಪ್ರಾಂಶುಪಾಲರು ನನ್ನ ಒಂದು ತರಗತಿಗೆ ಬಂದು ಕೂರುವವರಿದ್ದರು. ನಾನು ಜಂಬದಿಂದ, ಸ್ಪೈರಿಲಮ್ ತೋರಿಸುತ್ತೇನೆ ಎಂದುಬಿಟ್ಟಿದ್ದೆ. ನಿಂತ ಸಿಹಿನೀರಿನಲ್ಲಿ ಬದುಕುವ, ಸುರುಳಿ ಆಕಾರದ ಬ್ಯಾಕ್ಟೀರಿಯಾ ಅದು. ಚಿತ್ರದಲ್ಲಲ್ಲ, ಜೀವಂತವಾಗಿ ಎಂದೂ ಸೇರಿಸಿದ್ದೆ. ನನ್ನ ಬಾಯಿ ಸುಮ್ಮನಿರುವುದಿಲ್ಲ.

ಅವ್ವನ ತಂಗಿ, ನಮ್ಮ ಚಿಗವ್ವ, ಕೊರ್ಲಹಳ್ಳಿಯಲ್ಲಿದ್ದಾಳೆ. ಅಲ್ಲಿನ ಹೊಳೆಯಿಂದ ಒಂದು ಡಬ್ಬಿ ನೀರು ತಂದು, ಜೋಳದ ಕಣಿಕಿಯ, ಅಂದರೆ ಒಣ ದಂಟಿನ, ತುಂಡು ಹಾಕಿ, ಬೆಟಗೇರಿಯ ನಮ್ಮ ಮನೆಯ ಮೂಲೆಯಲ್ಲಿ ಎರಡು ವಾರ ಕೊಳೆಯಲು ಬಿಟ್ಟೆ. ಚೆನ್ನಾಗಿಯೇ ಕೊಳೆಯಿತು. ಕಾಲೇಜಿನ ಸೂಕ್ಷ್ಮದರ್ಶಕ ಮನೆಗೆ ತಂದು ನೋಡಿದೆ, ಸ್ಪೈರಿಲಮ್ ಇದ್ದವು.

ತರಗತಿಯ ಹಿಂದಿನ ದಿನ ನಳ ಬಂತು. ನಮ್ಮಲ್ಲಿ ನಳ ಎಷ್ಟೋ ದಿನಕ್ಕೊಮ್ಮೆ ಬರುತ್ತದೆ. ಬಂದಾಗ ಮನೆಯ ಹಳೆಯ ನೀರನ್ನೆಲ್ಲ ಚೆಲ್ಲಿ, ಕೊಡ, ಬಕೆಟ್, ಚೊಂಬು ತಿಕ್ಕಿ, ಹೊಸದು ತುಂಬುವುದು ಪದ್ಧತಿ. ನಾನು ಸಂಜೆ ಬಂದಾಗ ನನ್ನ ಡಬ್ಬಿ ಫಳಫಳ ಹೊಳೆಯುತ್ತಿತ್ತು. ಅದರಲ್ಲಿ ಕುಡಿಯುವ ನೀರಿತ್ತು.

“ನಾತ ಹೊಡಿಯಾಕತ್ತಿತ್ತ ನೋಡವಾ, ತಿಕ್ಕಿ ತುಂಬಿಟ್ಟೀನಿ,” ಎಂದಳು ಅವ್ವ.

ಸಿಟ್ಟು ಬಂತು, ಅಳುವೂ ಬಂತು. ಮರುದಿನ ಬೆಳಿಗ್ಗೆ ಮನೆಯಲ್ಲೆಲ್ಲ ಹಳೆಯ ನೀರು ಹುಡುಕಿದೆ. ಅವ್ವ ಮನೆಯಲ್ಲೇ ನೇಯುವ ಮಗ್ಗದ ಪಕ್ಕ ಅವಳ ಬೋಗುಣಿ ಇತ್ತು. ಲಾಳಿಗೆ ಹಾಕುವ, ನೂಲು ಸುತ್ತಿದ ಕಂಡಿಕಿಗಳನ್ನು ಅವಳು ಅದರಲ್ಲಿ ನೆನೆಸಿಡುತ್ತಾಳೆ. ಅವಳ ಲೆಕ್ಕದಲ್ಲಿ ಅದು ಮಗ್ಗದ ಸಾಮಾನು, ಪಾತ್ರೆಯಲ್ಲ. ಹಾಗಾಗಿ ನಳ ಬಂದರೂ ಆ ನೀರು ಚೆಲ್ಲುವುದಿಲ್ಲ, ಕಡಿಮೆಯಾದಷ್ಟು ಮೇಲೆ ಸುರಿಯುತ್ತಾಳೆ. ಒಂದು ಹನಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಸ್ಪೈರಿಲಮ್ ಕಿಕ್ಕಿರಿದಿದ್ದವು.

ಅವ್ವನೂ ಬಗ್ಗಿ ನೋಡಿದಳು. “ಹುರಿ ಹೆಚ್ಚಾದ ನೂಲಿನಂಗ ಅದಾವಲ್ಲ. ಎಲ್ಲೀ ನೀರಿದು?”

“ಚಿಗವ್ವನ ಊರಿಂದು. ಒಂದೀಟು ಉಳದಿತ್ತು,” ಎಂದೆ. ನಿಜ ಹೇಳಿದರೆ ಬೋಗುಣಿ ಆ ಕ್ಷಣವೇ ಬಚ್ಚಲಿಗೆ ಹೋಗುತ್ತಿತ್ತು, ಅದರ ಹಿಂದೆ ನನ್ನ ನೌಕರಿಯೂ.

ಅವ್ವ ಆಗಲೇ ಫೋನ್ ಹಚ್ಚಿದ್ದಳು. “ತಂಗೀ, ನಿಮ್ಮ ಹೊಳಿ ನೀರಾಗ ಹುಳ ಅದಾವ. ಬಸುರಿ ಸೊಸಿಗೆ ಒಂದ ಹನಿನೂ ಕುಡಿಸಬ್ಯಾಡ.”

ಆ ಕಡೆ ಚಿಗವ್ವ ಗಾಬರಿಯಿಂದ ಕೂಗಿದ್ದು ನನಗೂ ಕೇಳಿಸಿತು. ನಾಚಿಕೆಯಾಯಿತು. “ಅವ್ವಾ, ಅದು ನಿನ್ನ ಬೋಗುಣಿ ನೀರು.”

ಅವ್ವ ಬೋಗುಣಿಯ ಕಡೆ ತಿರುಗಿ ನೋಡಿದಳು. ಆಮೇಲೆ ಫೋನಿನಲ್ಲಿ, “ಏನಿಲ್ಲ ತಂಗಿ, ನಿಮ್ಮ ನೀರು ಚಲೋ ಐತಿ,” ಎಂದು ಇಟ್ಟಳು. ಬೋಗುಣಿ ಎತ್ತಿಕೊಂಡು ಬಚ್ಚಲಿಗೆ ನಡೆದಳು. ನಾನು ತಡೆಯಲಿಲ್ಲ. ಆದರೆ ಅವಳೇ ಬಚ್ಚಲ ಬಾಗಿಲಲ್ಲಿ ನಿಂತು, ನನ್ನ ಡಬ್ಬಿ ತರಿಸಿ, ಅದರ ಒಳ್ಳೆಯ ನೀರು ಚೆಲ್ಲಿ, ಬೋಗುಣಿಯದನ್ನು ತುಂಬಿ ಕೊಟ್ಟಳು.

“ತಗೊಂಡ ಹೋಗು. ನಮ್ಮ ಮನೀದಂತ ಮಾತ್ರ ಯಾರ ಮುಂದೂ ಹೇಳಬ್ಯಾಡ.”

ತರಗತಿಯಲ್ಲಿ ಪ್ರಾಂಶುಪಾಲರು ಬಹಳ ಹೊತ್ತು ಕಣ್ಣಿಟ್ಟು ನೋಡಿ, ಎಲ್ಲಿಯ ನೀರು ಎಂದು ಕೇಳಿದರು. ಎಲ್ಲರ ಮುಂದೆ, “ನಮ್ಮ ಮನೀದ್ರೀ ಸರ್, ನಮ್ಮವ್ವನ ಮಗ್ಗದ್ದು,” ಎಂದೆ. ಅಷ್ಟು ಹೆಮ್ಮೆ ನನಗೆ ಯಾವತ್ತೂ ಆಗಿರಲಿಲ್ಲ. ಆ ವರ್ಷವೂ ನನ್ನನ್ನು ಕರೆದರು. ಈ ಸಂಗತಿ ಯಾರಿಗೂ ಗೊತ್ತಿಲ್ಲ ಎಂದೇ ಅವ್ವ ಇಂದಿಗೂ ತಿಳಿದಿದ್ದಾಳೆ.